ಮೆಟ್ಟಿಲ ಕೆಳಗಿನ ತೊಟ್ಟಿಲು

ಜೂನ್ ೪

ಸೊಸೆಗೆ,

ನೀನೂ ಮಗುವೂ ಆರೋಗ್ಯವೆಂದು ತಿಳಿದು ಸಮಾಧಾನವಾಯಿತು. ಹೆಣ್ಣು ಮಗು ಎಂದು ನನ್ನ ಮಗ ಫೋನಿನಲ್ಲಿ ಹೇಳಿದ. ತೂಕ ಎಷ್ಟು ಎಂದು ಕೇಳಿದೆ. ಏನೋ ಹೇಳಿದ, ತಿಳಿಯಲಿಲ್ಲ. ಈ ಫೋನಿನಲ್ಲಿ ಎಲ್ಲರೂ ಬಾಯಿಗೆ ಹತ್ತಿ ತುರುಕಿಕೊಂಡವರ ಹಾಗೆ ಮಾತಾಡುತ್ತಾರೆ. ಬಸ್ ಓಡಿಸುವವನು, ಹಾರನ್ ಹೊಡೆದು ಹೊಡೆದು ಬಾಯಿ ತೆರೆಯುವುದನ್ನೇ ಮರೆತಿರಬೇಕು. ನೀನಂತೂ ಮೊದಲಿನಿಂದಲೂ ನುಂಗಿ ನುಂಗಿ ಮಾತಾಡುವವಳು. ರೈಲ್ವೆ ಸ್ಟೇಷನ್ನಿನಲ್ಲಿ ಮೈಕಿನ ಮುಂದೆ ಕೂತು ರೈಲುಗಳ ಸಮಯ ಹೇಳುವ ಕೆಲಸ ನಿನಗೆ ಯಾರು ಕೊಟ್ಟರೋ ನನಗೆ ಇವತ್ತಿಗೂ ಆಶ್ಚರ್ಯ. ಆದ್ದರಿಂದ ಇನ್ನು ಮುಂದೆ ಏನಿದ್ದರೂ ಕಾಗದದಲ್ಲಿ ಬರೆ. ಕಾಗದ ಗೊಣಗುವುದಿಲ್ಲ.

ಮಗು ಹುಟ್ಟಿದ ಮನೆಗೆ ಏನು ಕೊಡಬೇಕೆಂದು ಇಲ್ಲಿ ಯಾರಿಗೂ ತಿಳಿದಿಲ್ಲ. ಎದುರು ಮನೆಯ ಟೀಚರ್ ನಮ್ಮ ಗಿರಣಿಗೆ ಗೋಧಿ ಬೀಸಿಸಲು ಬಂದಿದ್ದಳು. "ಒಂದು ಗೊಂಬೆ ಕಳಿಸಿ ಆಂಟಿ, ಒತ್ತಿದ್ರೆ ಹಾಡು ಹೇಳುತ್ತೆ" ಎಂದಳು.

"ಹುಟ್ಟಿದ ಕೂಸು ಒತ್ತುತ್ತೇನೇ?" ಎಂದೆ.

"ಫೋಟೋಗೆ ಚೆನ್ನಾಗಿರುತ್ತೆ."

"ಹಾಗಾದ್ರೆ ಫೋಟೋಗೇ ಕೊಡು."

ಮುಖ ಊದಿಸಿಕೊಂಡು ಹೋದಳು. ಹಿಟ್ಟು ಬಿಟ್ಟು ಹೋಗಿದ್ದಳು, ಮತ್ತೆ ಬಂದಳು.

ಕೊಟ್ಟದ್ದು ಉಪಯೋಗಕ್ಕೆ ಬರಬೇಕು. ಈ ವಿಷಯದಲ್ಲಿ ನನ್ನ ಮಗನಿಗೆ ಬುದ್ಧಿ ಇದೆ. "ಅಮ್ಮ, ನನ್ನ ಚಿಕ್ಕಂದಿನ ತೊಟ್ಟಿಲು ಇದೆಯಲ್ಲ, ಅದನ್ನ ಕಳಿಸು" ಎಂದು ತಾನಾಗಿಯೇ ಕೇಳಿದ. ನಂಬಿಕೆಯಾಗದೆ ಇನ್ನೊಂದು ಸಲ ಹೇಳಿಸಿದೆ. ಅದನ್ನೇ ಹೇಳಿದ. ಗಿರಣಿ ಬೇಡವೆಂದು ಸ್ಟೀರಿಂಗ್ ಹಿಡಿಯಲು ಹೋದ ಮೇಲೆ ಅವನು ಈ ಮನೆಯಿಂದ ಒಂದು ಚಮಚ ಕೂಡ ಕೇಳಿದವನಲ್ಲ.

ಅಟ್ಟದಿಂದ ಇಳಿಸಿದೆ. ಎಷ್ಟೋ ವರ್ಷದ ಹಿಟ್ಟಿನ ಧೂಳು ಗಟ್ಟಿಯಾಗಿ ಕೂತಿತ್ತು. ಬಡಗಿಯನ್ನು ಕರೆಸಿ ಒಂದು ಕಾಲು ಬದಲಾಯಿಸಿ, ಕೊಂಡಿಗಳಿಗೆ ಎಣ್ಣೆ ಹಾಕಿಸಿ, ಪಾಲಿಶ್ ಮಾಡಿಸಿದ್ದೇನೆ. "ಇದನ್ನ ಎತ್ತೋಕೆ ನಾಲ್ಕು ಜನ ಬೇಕಮ್ಮ" ಎಂದು ಅವನು ಗೊಣಗಿದ. ನಾಲ್ಕು ಜನ ಎತ್ತಿದರೆ ತಾನೇ ತೊಟ್ಟಿಲು, ಒಬ್ಬನೇ ಎತ್ತಿದರೆ ಅದು ಬುಟ್ಟಿ ಎಂದೆ. ನಾಳೆ ಲಾರಿಯಲ್ಲಿ ಬರುತ್ತದೆ. ಗಾಳಿ ಬರುವ ಕಡೆ ಇಡು, ಬಿಸಿಲು ಬೀಳುವ ಕಡೆ ಬೇಡ.

ನಾನು ಬರಬೇಕಾದರೆ ತಿಳಿಸು. ಗಿರಣಿಯನ್ನು ನೋಡಿಕೊಳ್ಳಲು ಹಿಟ್ಟು ಸೋಸುವ ಜರಡಿಯವಳು ಇದ್ದಾಳೆ. ಕರೆಯದೆ ಬರುವವಳು ನಾನಲ್ಲ. ಕರೆದರೆ ಬರುವುದಿಲ್ಲ ಎನ್ನುವವಳೂ ಅಲ್ಲ.

ನಿನ್ನ ಅತ್ತೆ


ಜೂನ್ ೧೫

ಅತ್ತೆಯವರಿಗೆ,

ತೊಟ್ಟಿಲು ಬಂತು. ತುಂಬಾ ಚೆನ್ನಾಗಿದೆ. ಕೆತ್ತನೆಯನ್ನು ಕಟ್ಟಡದವರೆಲ್ಲ ನಿಂತು ನೋಡಿದರು. ಇಷ್ಟು ಕಷ್ಟಪಟ್ಟು ಕಳಿಸಿದ್ದೀರಿ, ಏನು ಹೇಳಬೇಕೋ ತಿಳಿಯುತ್ತಿಲ್ಲ.

ಮಗು ಪುಟ್ಟದಾಗಿದೆ. ಕೆಂಪಗೆ ಮುದುರಿಕೊಂಡು ಮಲಗಿರುತ್ತಾಳೆ, ಎದ್ದರೆ ಖಾರ. ಅದಕ್ಕೇ ನಿಮ್ಮ ಮಗ ಮೆಣಸು ಎಂದು ಕರೆಯುತ್ತಾರೆ. ಹಾಲು ಕುಡಿಯುವುದು ಇನ್ನೂ ಸರಿಯಾಗಿ ಕಲಿತಿಲ್ಲ, ಕಲಿಯುತ್ತಾಳೆ ಎಂದು ನರ್ಸ್ ಹೇಳಿದ್ದಾರೆ.

ಇವರು ಮೂರು ದಿನಕ್ಕೊಮ್ಮೆ ಮನೆಗೆ ಬರುತ್ತಾರೆ. ಈಗ ಅವರಿಗೆ ದೂರದ ರೂಟು ಹಾಕಿದ್ದಾರೆ. ನಮ್ಮದು ನಾಲ್ಕನೆಯ ಮಹಡಿ ಎಂಬುದು ನಿಮಗೆ ಗೊತ್ತೇ ಇದೆ. ಲಿಫ್ಟ್ ಕೆಟ್ಟಿದೆ. ಈಗ ಬಂದರೆ ಕಷ್ಟವಾಗುತ್ತದೆ. ಸ್ವಲ್ಪ ದಿನ ಹೋಗಲಿ, ಬರೆಯುತ್ತೇನೆ.

ಇನ್ನೊಂದು ವಿಷಯ. ಮೂತಿ ಇರುವ ಒಂದು ಚಿಕ್ಕ ಸ್ಟೀಲ್ ಬಟ್ಟಲು ಮನೆಯಲ್ಲಿದೆಯಂತೆ, ಇವರು ಚಿಕ್ಕವರಿದ್ದಾಗ ಅದರಲ್ಲೇ ಹಾಲು ಕುಡಿಸುತ್ತಿದ್ದಿರಂತೆ. ಸಿಕ್ಕರೆ ಯಾರ ಕೈಯಲ್ಲಾದರೂ ಕಳಿಸಿ. ಸಿಗದಿದ್ದರೆ ಪರವಾಗಿಲ್ಲ.

ನಿಮ್ಮ ಸೊಸೆ


ಜೂನ್ ೨೪

ಸೊಸೆಗೆ,

ನಿನ್ನ ಕಾಗದವನ್ನು ಓದಿದೆ. ಕಟ್ಟಡದವರು ತೊಟ್ಟಿಲನ್ನು ನಿಂತು ನೋಡಿದರು ಎಂದು ಬರೆದಿದ್ದೀ. ಮಗು ಅದರಲ್ಲಿ ಮಲಗಿತೋ ಇಲ್ಲವೋ ಬರೆದಿಲ್ಲ. ಅದನ್ನು ಯಾವ ಕೋಣೆಯಲ್ಲಿ ಇಟ್ಟಿದ್ದೀ? ತೂಗಿದಾಗ ಎಡಕ್ಕೆ ಎಳೆಯುತ್ತದೆಯೇ? ನನ್ನ ಮಗನ ಕಾಲದಲ್ಲಿ ಎಡಕ್ಕೆ ಎಳೆಯುತ್ತಿತ್ತು, ಬಡಗಿ ಸರಿ ಮಾಡಿದ್ದೇನೆ ಎಂದ. ಅವನ ಮಾತನ್ನು ನಂಬಿ ದುಡ್ಡು ಕೊಟ್ಟಿದ್ದೇನೆ.

ಮಗುವಿಗೆ ಮೆಣಸು ಎಂದು ಯಾರಾದರೂ ಕರೆಯುತ್ತಾರೆಯೇ? ಡಬ್ಬದಲ್ಲಿ ಹಾಕಿಡುವ ಪದಾರ್ಥವೇ ಅದು? ಒಳ್ಳೆಯ ಹೆಸರಿಡಿ.

ಬಂದರೆ ಕಷ್ಟವಾಗುತ್ತದೆ ಎಂದು ಬರೆದಿದ್ದೀ. ಯಾರಿಗೆ ಎಂದು ಬರೆದಿಲ್ಲ. ಬರೆಯಬೇಕಾಗಿಯೂ ಇಲ್ಲ, ನನಗೆ ಅರ್ಥವಾಯಿತು. ನಾನು ಬಂದು ನಿನ್ನ ಅಡುಗೆಮನೆಯ ಡಬ್ಬಗಳನ್ನು ತೆರೆದು ನೋಡುತ್ತೇನೆ ಎಂಬ ಭಯ ನಿನಗೆ. ನೋಡುತ್ತಿದ್ದೆ ಎಂಬುದು ನಿಜ. ಮೆಟ್ಟಿಲಿನ ನೆಪ ಬೇಡವಾಗಿತ್ತು. ದಿನವೂ ಗೋಧಿಯ ಮೂಟೆಗೆ ಹೆಗಲು ಕೊಡುವವಳಿಗೆ ನಿಮ್ಮ ನಾಲ್ಕು ಮಹಡಿ ಒಂದು ಲೆಕ್ಕವೇ?

ಇನ್ನು ಬಟ್ಟಲು. ಅಷ್ಟು ದೊಡ್ಡ ತೊಟ್ಟಿಲನ್ನು ಕಳಿಸಿದವಳ ಹತ್ತಿರ ಮೂತಿ ಸೊಟ್ಟಗಾದ ಹಳೇ ಬಟ್ಟಲು ಕೇಳುತ್ತೀಯಲ್ಲ, ನಿನ್ನ ಮನೆಯಲ್ಲಿ ಬಟ್ಟಲಿಗೆ ಬರವೇ? ಅದನ್ನು ಈಗ ಗಿರಣಿಯಲ್ಲಿ ಉಪ್ಪು ಅಳೆಯಲು ಇಟ್ಟಿದ್ದೇನೆ. ಆರು ಹೊಸ ಬಟ್ಟಲುಗಳನ್ನು ಕಳಿಸುತ್ತಿದ್ದೇನೆ, ದೊಡ್ಡವು, ಮುಚ್ಚಳ ಸಮೇತ. ಜೊತೆಗೆ ಮೆತ್ತನೆಯ ಬಟ್ಟೆಯ ಚೌಕಗಳು, ಎರಡು ಸಲ ಒಗೆದು ಗಂಜಿ ಬಿಡಿಸಿದ್ದೇನೆ, ಹೊಸ ಬಟ್ಟೆ ಕೂಸಿನ ಚರ್ಮಕ್ಕೆ ಆಗುವುದಿಲ್ಲ. ಒಂದು ದೊಡ್ಡ ಪಾತ್ರೆ, ಒಂದು ಸಲ ಬೇಯಿಸಿಟ್ಟರೆ ಎರಡು ದಿನ ಒಲೆ ಹಚ್ಚುವುದು ಬೇಡ. ಒಂದು ಚೀಲ ಹಿಟ್ಟು, ನಾನೇ ನಿಂತು ಬೀಸಿಸಿದ್ದು.

ಮಗು ಯಾವ ಕಡೆ ತಲೆ ಹಾಕಿ ಮಲಗುತ್ತದೆ ಎಂದು ಬರೆ.

ನಿನ್ನ ಅತ್ತೆ


ಜುಲೈ ೨೦

ಅತ್ತೆಯವರಿಗೆ,

ತಡವಾಗಿ ಬರೆಯುತ್ತಿದ್ದೇನೆ. ಬಟ್ಟೆಯ ಚೌಕಗಳು ತುಂಬಾ ಉಪಯೋಗಕ್ಕೆ ಬಂದವು. ಹಿಟ್ಟು ಖಾಲಿಯಾಯಿತು. ಬಟ್ಟಲುಗಳನ್ನು ಮಂಚದ ಕೆಳಗೆ ಇಟ್ಟಿದ್ದೇನೆ, ಪಾತ್ರೆಯ ಒಳಗೆ.

ಮಗು ಈಗ ಪರವಾಗಿಲ್ಲ. ತೂಕ ಬರುತ್ತಿದೆ.

ನನ್ನ ರಜೆ ಆಗಸ್ಟ್ ಕೊನೆಗೆ ಮುಗಿಯುತ್ತದೆ. ಸೆಪ್ಟೆಂಬರ್ ಮೂರರಂದು ಹೋಗಿ ಕೂರದಿದ್ದರೆ ಆ ಕುರ್ಚಿಗೆ ರೆಕಾರ್ಡ್ ಮಾಡಿದ ದನಿ ಬಂದು ಕೂರುತ್ತದೆ ಎಂದು ಮೇಲಿನವರು ಹೇಳಿ ಕಳಿಸಿದ್ದಾರೆ. ಬೇರೆ ಸ್ಟೇಷನ್ನುಗಳಲ್ಲಿ ಆಗಲೇ ಹಾಗಾಗಿದೆ. ಏನು ಮಾಡುವುದೋ ಯೋಚಿಸುತ್ತಿದ್ದೇವೆ.

ದಯವಿಟ್ಟು ಇನ್ನು ಏನನ್ನೂ ಕಳಿಸಬೇಡಿ ಅತ್ತೆ. ಸಿಟ್ಟಿನಿಂದ ಬರೆಯುತ್ತಿಲ್ಲ. ನಿಜವಾಗಿ ಜಾಗವಿಲ್ಲ.

ನಿಮ್ಮ ಸೊಸೆ


ಆಗಸ್ಟ್ ೧

ಸೊಸೆಗೆ,

ನಿನ್ನೆ ಲಾರಿಯವನು ಗಿರಣಿಗೆ ಬಂದಿದ್ದ. ಅವನೊಬ್ಬನೇ ಈ ಊರಿನಲ್ಲಿ ಬಾಯಿ ಬಿಟ್ಟು ಮಾತಾಡುವವನು. ಬೆಲ್ಟು ಓಡುತ್ತಿರುವಾಗಲೇ ನನ್ನ ಎದುರು ನಿಂತು, "ಅಮ್ಮಾ, ತೊಟ್ಟಿಲ ವಿಷಯ ಏನಾಯ್ತು?" ಎಂದ.

"ನನ್ನನ್ನೇನು ಕೇಳ್ತೀಯ? ಇಳಿಸಿ ಬಂದವನು ನೀನು."

"ಇಳಿಸಿದೆ. ಏರಿಸಲಿಲ್ಲ."

"ಅಂದ್ರೆ?"

"ಅಂದ್ರೆ ಅದು ಇನ್ನೂ ಮೆಟ್ಟಿಲ ಕೆಳಗೇ ಇದೆ. ಮೊನ್ನೆ ಆ ಕಡೆ ಲೋಡ್ ಇತ್ತು, ಹಾಗೇ ನೋಡಿಕೊಂಡು ಬಂದೆ. ಪ್ಲಾಸ್ಟಿಕ್ ಹೊದಿಸಿದ್ದಾರೆ. ಮೇಲೆ ಯಾರೋ ಹಳೇ ಪೇಪರಿನ ಕಟ್ಟು ಇಟ್ಟಿದ್ದಾರೆ. ಪಕ್ಕಕ್ಕೊಂದು ಸೈಕಲ್ ಒರಗಿಸಿದ್ದಾರೆ."

"ನನ್ನ ಸೊಸೆ ಏನಂದ್ಲು?"

"ಬಾಗಿಲು ತೆಗೆದಿದ್ದು ಅವರಲ್ಲ. ಒಬ್ಬರು ವಯಸ್ಸಾದ ಅಮ್ಮ, ಮಗೂನ ಎತ್ಕೊಂಡಿದ್ರು. ನಿಮ್ಮ ಸೊಸೆಗೆ ಚಿಕ್ಕಮ್ಮ ಆಗ್ಬೇಕಂತೆ. ಹೋದ ತಿಂಗಳಿಂದ ಅಲ್ಲೇ ಇದ್ದಾರಂತೆ. ಒಳ್ಳೆಯವರು, ಟೀ ಕೊಟ್ರು."

"ಕುಡಿದ್ಯಾ?"

"ಕುಡಿದೆ."

"ನಾಚಿಕೆ ಆಗ್ಲಿಲ್ವಾ ನಿನಗೆ?"

"ಟೀ ಕುಡಿಯೋಕೆ ಯಾಕಮ್ಮ ನಾಚಿಕೆ?" ಎಂದು ಕಣ್ಣು ಬಿಟ್ಟ. ಅವನ ಮೂಟೆಯನ್ನು ಆಮೇಲೆ ಬೀಸುತ್ತೇನೆಂದು ಪಕ್ಕಕ್ಕೆ ಇಡಿಸಿದೆ. ಸಾಯಂಕಾಲದವರೆಗೆ ಕಾದ.

ಈಗ ಕೇಳು. ನಿನ್ನ ಚಿಕ್ಕಮ್ಮನಿಗೆ ನಾಲ್ಕು ಮಹಡಿ ಕಷ್ಟವಾಗುವುದಿಲ್ಲ, ನನಗೆ ಮಾತ್ರ ಕಷ್ಟವಾಗುತ್ತದೆ, ಅಲ್ಲವೇ? ಅವಳು ಮಗುವನ್ನು ಎತ್ತಿಕೊಂಡು ಬಾಗಿಲು ತೆಗೆಯಬಹುದು. ಮಗುವಿನ ಅಪ್ಪನನ್ನು ಹೆತ್ತವಳು ಇಲ್ಲಿ ಕೂತು ತೊಟ್ಟಿಲು ಎಡಕ್ಕೆ ಎಳೆಯುತ್ತದೆಯೋ ಇಲ್ಲವೋ ಎಂದು ಯೋಚಿಸುತ್ತ ಇರಬೇಕು. ನಿನಗೆ ನನ್ನ ವಸ್ತು ಬೇಡವಾಗಿದ್ದರೆ ಮೊದಲ ದಿನವೇ ಬೇಡ ಎಂದು ಬರೆಯಬಹುದಿತ್ತು. ತುಂಬಾ ಚೆನ್ನಾಗಿದೆ ಎಂದು ಬರೆದು ಪ್ಲಾಸ್ಟಿಕ್ ಹೊದಿಸಿದ್ದೀ.

ಅದನ್ನು ನಾನಾಗಿ ಹೇರಿದ್ದಲ್ಲ. ನಿನ್ನ ಗಂಡ ಬಾಯಿ ಬಿಟ್ಟು ಕೇಳಿದ್ದು. ಅವನಾದರೂ ಬಾಯಿ ಬಿಟ್ಟು ನಿನಗೆ ಹೇಳಬಾರದಿತ್ತೇ?

ಆ ತೊಟ್ಟಿಲನ್ನು ವಾಪಸ್ ಕಳಿಸು. ಪೇಪರಿನ ಕಟ್ಟು ಇಡಲು ನನ್ನ ಮನೆಯಲ್ಲೂ ಜಾಗವಿದೆ.

ಅತ್ತೆ


ಆಗಸ್ಟ್ ೭

ಅತ್ತೆ,

ಇವರು ಬೇಡ ಎಂದರೂ ಬರೆಯುತ್ತಿದ್ದೇನೆ. ಇವರು ಈಗ ಬಸ್ಸಿನಲ್ಲಿದ್ದಾರೆ, ಬರುವಷ್ಟರಲ್ಲಿ ಇದನ್ನು ಅಂಚೆ ಡಬ್ಬಕ್ಕೆ ಹಾಕಿರುತ್ತೇನೆ.

ನಿಮ್ಮ ಮಗ ತೊಟ್ಟಿಲು ಕೇಳಲಿಲ್ಲ. ಬಟ್ಟಲು ಕೇಳಿದರು.

ನಾನು ಪಕ್ಕದಲ್ಲೇ ಇದ್ದೆ. "ನನ್ನ ಚಿಕ್ಕಂದಿನ ಬಟ್ಟಲು ಇದೆಯಲ್ಲ, ಅದನ್ನ ಕಳಿಸು" ಎಂದರು. ನೀವು ಇನ್ನೊಂದು ಸಲ ಹೇಳಿಸಿದಿರಿ. ಇವರು ಕೂಗಿ ಹೇಳಿದರು, ಮಗು ಬೆಚ್ಚಿ ಎದ್ದಿತು. ಅವಳಿಗೆ ಆಗ ಚೀಪಲು ಬರುತ್ತಿರಲಿಲ್ಲ. ಹಾಲು ಹಿಂಡಿ ಮೂತಿ ಇರುವ ಬಟ್ಟಲಿನಲ್ಲಿ ಕುಡಿಸಿ ಎಂದು ನರ್ಸ್ ಹೇಳಿದ್ದರು. ಚಮಚದಲ್ಲಿ ಕುಡಿಸಿದರೆ ಅರ್ಧ ಕುತ್ತಿಗೆಗೆ ಹೋಗುತ್ತಿತ್ತು. ಬಟ್ಟಲಿಗೆ ಕಾಯುತ್ತಿದ್ದಾಗ ತೊಟ್ಟಿಲು ಬಂತು. ಕಾಗದದಲ್ಲಿ ಮತ್ತೆ ಕೇಳಿದೆ, ಆರು ದೊಡ್ಡ ಬಟ್ಟಲು ಬಂದವು. ಕೊನೆಗೆ ಔಷಧಿ ಅಂಗಡಿಯಲ್ಲಿ ಒಂದು ಸಿಕ್ಕಿತು.

ತೊಟ್ಟಿಲು ನಮ್ಮ ಬಾಗಿಲಿನವರೆಗೆ ಬರಲೇ ಇಲ್ಲ. ಎರಡನೆಯ ಮಹಡಿಯ ತಿರುವಿನಲ್ಲೇ ಸಿಕ್ಕಿಕೊಂಡು, ಮೇಲಿನವರು ಮೇಲೆ, ಕೆಳಗಿನವರು ಕೆಳಗೆ ಉಳಿದರು, ಕೊನೆಗೆ ಮತ್ತೆ ಇಳಿಸಿ ಮೆಟ್ಟಿಲ ಕೆಳಗೆ ಇಟ್ಟರು. ಮನೆಯಲ್ಲಿ ಮಂಚ ಬಿಟ್ಟರೆ ಇರುವ ಜಾಗ ಒಬ್ಬರು ತಿರುಗುವಷ್ಟು. "ಅಮ್ಮ ಅದನ್ನ ಎಷ್ಟು ಆಸೆಯಿಂದ ಪಾಲಿಶ್ ಮಾಡಿಸಿದ್ದಾಳೆ, ಬಟ್ಟಲು ಅಂದಿದ್ದೆ ಅಂತ ಹೇಗೆ ಹೇಳಲಿ" ಎಂದು ಇವರು ಮೆಟ್ಟಿಲ ಮೇಲೆ ಕೂತುಬಿಟ್ಟರು. ಅದಕ್ಕೇ ಚೆನ್ನಾಗಿದೆ ಎಂದು ಬರೆದೆ. ಈಗ ಅದರಲ್ಲಿ ಬೆಕ್ಕು ಮರಿ ಹಾಕಿದೆ. ವಾಪಸ್ ಕಳಿಸಬೇಕಾದರೆ ಮೊದಲು ಅವು ಕಣ್ಣು ಬಿಡಲಿ.

ಚಿಕ್ಕಮ್ಮನ ವಿಷಯ. ಅವರಿಗೆ ಬೆನ್ನು ನೋವು, ಮಗಳ ಮನೆಯಲ್ಲಿ ಇರುವವರು, ಈ ತಿಂಗಳ ಕೊನೆಗೆ ವಾಪಸ್ ಹೋಗುತ್ತಾರೆ. ನಿಮ್ಮನ್ನು ಯಾಕೆ ಕರೆಯಲಿಲ್ಲ ಎಂದು ಕೇಳಿದ್ದೀರಿ. ಹೇಳುತ್ತೇನೆ.

ಚಳಿಗಾಲದಲ್ಲಿ ನಾನು ಬಸುರಿಯಾಗಿ ನಿಮ್ಮ ಮನೆಗೆ ಬಂದಿದ್ದಾಗ ಸ್ನಾನದ ಮನೆಯ ಚಿಲಕ ಸಿಕ್ಕಿಕೊಂಡು ಒಳಗೇ ಉಳಿದೆ. ಕಿಟಕಿಯ ಸಂದಿಯಿಂದ ನಿಮ್ಮ ಬೆನ್ನು ಕಾಣುತ್ತಿತ್ತು. ಗೋಧಿ ಆರಿಸುತ್ತ ಕೂತಿದ್ದಿರಿ. ಕರೆದೆ, ಬಾಗಿಲು ಬಡಿದೆ, ಚೊಂಬಿನಿಂದ ಗೋಡೆಗೆ ಹೊಡೆದೆ. ನೀವು ತಿರುಗಲಿಲ್ಲ. ಕೊನೆಗೆ ಜರಡಿಯವಳು ಓಡಿ ಬಂದು ಹೊರಗಿನಿಂದ ಎಳೆದು ತೆಗೆದಳು. ನನ್ನ ಮೇಲೆ ಏನೋ ಸಿಟ್ಟು, ಬೇಕೆಂದೇ ಹೀಗೆ ಮಾಡಿದಿರಿ ಅಂದುಕೊಂಡೆ. ಅವತ್ತು ಅತ್ತೆ, ಅತ್ತೆ.

ಆಮೇಲೆ ಜರಡಿಯವಳು ಹೇಳಿದಳು. "ಸಿಟ್ಟಲ್ಲ ಕಣಮ್ಮ, ಅವ್ರಿಗೆ ಕೇಳಲ್ಲ. ಹೇಳಿದ್ರೆ ಕೆಲಸದಿಂದ ತೆಗೀತಾರೆ, ಅದಕ್ಕೆ ಯಾರೂ ಹೇಳಲ್ಲ." ಗಿರಣಿಯಲ್ಲಿ ಎಲ್ಲರೂ ಕೂಗುತ್ತಾರೆ, ನೀವು ಎಲ್ಲರ ಬಾಯಿ ನೋಡುತ್ತೀರಿ. ಅದಕ್ಕೇ ನಿಮಗೂ ಗೊತ್ತಾಗಿಲ್ಲ. ಅಥವಾ ಗೊತ್ತಿದ್ದೂ ಬೇಡವಾಗಿದೆ.

ನನ್ನ ದನಿ ನಾಲ್ಕು ಪ್ಲಾಟ್‌ಫಾರ್ಮಿಗೆ ಕೇಳುತ್ತದೆ ಅತ್ತೆ. ನಾನು ನುಂಗಿ ಮಾತಾಡುವವಳಲ್ಲ.

ನನ್ನ ಮಗಳು ಬೆನ್ನ ಹಿಂದೆ ಮಲಗಿ ಅಳುತ್ತಾಳೆ. ಅವಳ ಬಾಯಿ ನೋಡಿಕೊಂಡು ಇಡೀ ದಿನ ಕೂರಲು ಯಾರಿಂದಲೂ ಆಗುವುದಿಲ್ಲ. ನಿಮ್ಮ ಕೈಗೆ ಕೊಟ್ಟು ಕೆಲಸಕ್ಕೆ ಹೋಗಬೇಕೆಂದು ನನಗೆ ಎಷ್ಟು ಆಸೆ ಇದೆ ಎಂದು ನಿಮಗೆ ಗೊತ್ತಿಲ್ಲ. ನಿಮಗೆ ಕೇಳುವುದಿಲ್ಲ.

ಸೊಸೆ


ಆಗಸ್ಟ್ ೧೨

ಸೊಸೆಗೆ,

ನಿನ್ನ ಕಾಗದ ತಲುಪಿತು.

ನನ್ನ ಕಿವಿಗೆ ಏನೂ ಆಗಿಲ್ಲ. ಜರಡಿಯವಳನ್ನು ಕೆಲಸದಿಂದ ತೆಗೆದಿಲ್ಲ, ತೆಗೆಯುವಂಥ ಮಾತನ್ನು ಅವಳು ಆಡಿಯೂ ಇಲ್ಲವಂತೆ. ಕೇಳಿದರೆ ಸೊಂಟದ ಮೇಲೆ ಕೈ ಇಟ್ಟುಕೊಂಡು ಏನೋ ಹೇಳಿದಳು.

ಉಪ್ಪಿನ ಡಬ್ಬದಲ್ಲಿದ್ದ ಬಟ್ಟಲನ್ನು ತೊಳೆಸಿ ಕಳಿಸಿದ್ದೇನೆ. ಮೂತಿ ಸೊಟ್ಟಗಾಗಿತ್ತು, ಪಾತ್ರೆ ರಿಪೇರಿಯವನ ಹತ್ತಿರ ನೇರ ಮಾಡಿಸಿದೆ. ಈಗ ಬೇಕಾಗಿಲ್ಲವೆಂದು ಗೊತ್ತು.

ಅತ್ತೆ


ಆಗಸ್ಟ್ ೧೭

ಅತ್ತೆಯವರಿಗೆ,

ಬಟ್ಟಲು ಬಂತು. ಇವರು ಅದನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದರು. ಈಗ ಮಗು ಚೆನ್ನಾಗಿ ಚೀಪುತ್ತಾಳೆ, ಅವಳ ಔಷಧಿಯನ್ನು ಅದರಲ್ಲಿ ಕುಡಿಸುತ್ತಿದ್ದೇನೆ.

ಹೇಳಿದ ವಿಷಯಕ್ಕೆ ಕ್ಷಮೆ ಕೇಳುವುದಿಲ್ಲ. ಹೇಳಿದ ರೀತಿಗೆ ಕೇಳುತ್ತೇನೆ.

ಕೆಳಗಿನ ರಸ್ತೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಒಂದು ಜಾಗವಿದೆ, ಹೋಗಿ ನೋಡಿ ಬಂದೆ. ಒಂದೇ ಕೋಣೆ, ಎರಡು ಸಾಲು ಹಾಸಿಗೆ. ನಡುವೆ ಒಬ್ಬ ಹೆಂಗಸು ಮೊಬೈಲ್ ನೋಡುತ್ತ ಕೂತಿದ್ದಳು. ಅವಳಿಗೆ ಕಿವಿ ಚೆನ್ನಾಗಿದೆ, ಆದರೂ ಮೂಲೆಯಲ್ಲಿ ಒಂದು ಮಗು ಅಳುತ್ತಲೇ ಇತ್ತು. ಅದೂ ಸಂಜೆಗೆ ಮುಚ್ಚುತ್ತದೆ. ನನ್ನದು ಸಂಜೆಯ ಪಾಳಿ.

ಬಹುಶಃ ಕೆಲಸ ಬಿಡುತ್ತೇನೆ. ನಿಮ್ಮಿಂದ ಏನೋ ಬೇಕೆಂದು ಇದನ್ನು ಬರೆಯುತ್ತಿಲ್ಲ. ಬೇರೆಯವರ ಬಾಯಿಂದ ನಿಮಗೆ ತಿಳಿಯುವುದು ಬೇಡ ಎನ್ನಿಸಿತು.

ನಿಮ್ಮ ಸೊಸೆ


ಆಗಸ್ಟ್ ೨೬

ಸೊಸೆಗೆ,

ಇದನ್ನು ಪೂರ್ತಿ ಓದು, ನಡುವೆ ಎದ್ದು ಹೋಗಬೇಡ.

ನಿನ್ನ ಸಿಟ್ಟಿನ ಕಾಗದದಲ್ಲಿ "ಅವತ್ತು ಅತ್ತೆ, ಅತ್ತೆ" ಎಂದು ಬರೆದಿದ್ದೀ. ನನ್ನನ್ನೇ ಎರಡು ಸಲ ಕರೆದಿದ್ದೀ ಎಂದು ಓದಿಕೊಂಡೆ. ಕರೆಯುವುದಕ್ಕೆ ಎರಡು ಸಲ ಯಾಕೆ, ಕಾಗದದಲ್ಲೂ ಕೂಗಬೇಕೇ ಎಂದು ರೇಗಿತು. ಇನ್ನೊಂದು ದಿನ ಓದಿದಾಗ ಮೊದಲನೆಯದು ನಾನಲ್ಲ, ನಿನ್ನ ಅಳು ಎಂದು ಗೊತ್ತಾಯಿತು. ಕಣ್ಣಿಗೂ ಹೀಗಾದರೆ ಇನ್ನು ಕಿವಿಯ ಮಾತೇನು ಎಂದುಕೊಂಡೆ.

ಗಿರಣಿಗೆ ರಜೆ ಇದ್ದ ದಿನ ಜರಡಿಯವಳನ್ನು ಕರೆಸಿದೆ. ಗೋಡೆಗೆ ಮುಖ ಮಾಡಿ ಕೂತು, "ಹಿಂದೆ ನಿಂತುಕೊಂಡು ನನ್ನ ಕರಿ, ಕೇಳಿದ ತಕ್ಷಣ ಕೈ ಎತ್ತುತ್ತೇನೆ" ಎಂದೆ. ಕೂತೆ. ಕೂತೇ ಇದ್ದೆ. ಇವಳು ಶುರುವನ್ನೇ ಮಾಡಿಲ್ಲವಲ್ಲ ಎಂದು ಬೈಯಲು ತಿರುಗಿದರೆ, ಕೂಗಿ ಕೂಗಿ ಮುಖವೆಲ್ಲ ಕೆಂಪಗಾಗಿ ನಿಂತಿದ್ದಾಳೆ.

"ಎಷ್ಟು ಹೊತ್ತಿಂದ ಕರೀತಿದ್ದೀಯೇ?"

"ಎಷ್ಟು ವರ್ಷದಿಂದ ಅಂತ ಕೇಳಿ" ಎಂದಳು.

ಅವಳ ನಾಲಿಗೆ ಉದ್ದವಾಗಿದೆ. ಆದರೂ ಡಾಕ್ಟರ ಹತ್ತಿರ ಅವಳೇ ಜೊತೆಗೆ ಬಂದಳು.

ಕಿವಿಗೆ ಮಷೀನು ಹಾಕಿಸಿಕೊಂಡಿದ್ದೇನೆ. ಎರಡೂ ಕಿವಿಗೆ. ಹಾಕಿದವನು ಚೆನ್ನಾಗಿದೆಯಾ ಅಮ್ಮ ಎಂದು ಕೇಳಿದ. ಚೆನ್ನಾಗಿರುವುದಕ್ಕೆ ಇದೇನು ಓಲೆಯೇ? ಇಷ್ಟು ಗಲಾಟೆಯಲ್ಲಿ ನೀವೆಲ್ಲ ಹೇಗೆ ಬದುಕಿದ್ದೀರೋ ನನಗೆ ತಿಳಿಯುತ್ತಿಲ್ಲ. ಫ್ಯಾನು ಕಿರುಗುಟ್ಟುತ್ತದೆ. ನಲ್ಲಿ ತೊಟ್ಟಿಕ್ಕುತ್ತದೆ. ಒಣ ರೊಟ್ಟಿ ಅಗಿದರೆ ತಲೆಯೊಳಗೇ ಗಿರಣಿ ಓಡಿದ ಹಾಗಾಗುತ್ತದೆ. ಕೆಲಸದವರು ನನ್ನ ಬೆನ್ನ ಹಿಂದೆ ನನ್ನನ್ನು "ಬೀಸುಕಲ್ಲು" ಎನ್ನುತ್ತಾರೆ. ಬೆನ್ನ ಹಿಂದೆ ಎಂದರೆ ಒಂದು ಮಾರು ದೂರದಲ್ಲಿ ನಿಂತು, ರಾಜಾರೋಷವಾಗಿ. "ಬೀಸುಕಲ್ಲು ಇವತ್ತು ಬಿಸಿಯಾಗಿದೆ ಕಣ್ರೋ" ಎಂದು ಮೂಟೆ ಹೊರುವವನು ಹೇಳಿದ. "ಇನ್ನೂ ಆಗಿಲ್ಲ, ಈಗ ಆಗ್ತೀನಿ" ಎಂದೆ. ಮೂಟೆ ಕಾಲ ಮೇಲೆ ಬೀಳಿಸಿಕೊಂಡ.

ನನ್ನ ಮಗನಿಗೆ ಫೋನ್ ಮಾಡಿಸಿದೆ. ಬಟ್ಟಲು ಎನ್ನು ಎಂದೆ. ಎಂದ. ತೊಟ್ಟಿಲು ಎನ್ನು ಎಂದೆ. ಎಂದ. ಎರಡಕ್ಕೂ ಒಂದಕ್ಕೊಂದು ಸಂಬಂಧವೇ ಇಲ್ಲ. ಆಮೇಲೆ ಅವನು ಸುಮ್ಮನಾದ. ಲೈನು ಕಟ್ಟಾಯಿತೇ ಎಂದುಕೊಂಡೆ, ಅವನ ಉಸಿರು ಕೇಳಿಸುತ್ತಿತ್ತು. ಗಂಟಲು ಅವನ ಅಪ್ಪನ ಹಾಗೇ ಗೊರಗೊರ ಎನ್ನುತ್ತದೆ. ಯಾವಾಗಿನಿಂದ ಹಾಗಾಗಿದೆಯೋ. ಬಿಸಿನೀರು ಕುಡಿಯಲು ಹೇಳು.

ತೊಟ್ಟಿಲು ಬೆಕ್ಕಿಗೇ ಇರಲಿ.

ನಾನು ಇಪ್ಪತ್ತೊಂಬತ್ತಕ್ಕೆ ಬರುತ್ತೇನೆ. ನೀನು ಕರೆದಿಲ್ಲ, ಕರೆಯುವವರೆಗೆ ಕಾದರೆ ನಿನ್ನ ಕುರ್ಚಿಗೆ ರೆಕಾರ್ಡು ಬಂದು ಕೂರುತ್ತದೆ. ಬಂದ ತಕ್ಷಣ ಮಗುವನ್ನು ನನ್ನ ಕೈಗೆ ಕೊಡಬೇಡ. ನನ್ನನ್ನು ಅಡುಗೆಮನೆಯಲ್ಲಿ ಬಿಟ್ಟು ಬಾಗಿಲು ಹಾಕು. ನನಗೆ ಹೇಳದೆ, ನಿನಗೆ ಬೇಕಾದ ಹೊತ್ತಿನಲ್ಲಿ ಪರೀಕ್ಷೆ ಮಾಡು. ಮಗು ಅತ್ತಾಗ ನಾನಾಗಿ ಎದ್ದು ಬಂದರೆ ನೀನು ಕೆಲಸಕ್ಕೆ ಹೋಗು. ಬರದಿದ್ದರೆ ಅಳಿಸುತ್ತ ಬಿಡಬೇಡ, ಎತ್ತಿಕೋ. ನಾನು ಮಾರನೆಯ ದಿನದ ಬಸ್ಸಿಗೆ ವಾಪಸ್ ಹೊರಡುತ್ತೇನೆ. ಸಿಟ್ಟು ಮಾಡಿಕೊಳ್ಳುವುದಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ಆದರೆ ನಿನ್ನ ಮೇಲಲ್ಲ.

ಎಸ್ಸೆಸ್ಸೆಲ್ಸಿ ಆದ ಮೇಲೆ ನಾನು ಯಾರಿಗೂ ಪರೀಕ್ಷೆ ಕೊಟ್ಟವಳಲ್ಲ. ನಿನಗೆ ಕೊಡುತ್ತಿದ್ದೇನೆ.

ನಿನ್ನ ಅತ್ತೆ


ಸೆಪ್ಟೆಂಬರ್ ೩, ಅಡುಗೆಮನೆಯ ಮೇಜಿನ ಮೇಲೆ

ಸೊಸೆಗೆ,

ಊಟ ಮುಚ್ಚಿಟ್ಟಿದ್ದೇನೆ, ಬಿಸಿ ಮಾಡಿಕೊಂಡು ತಿನ್ನು, ಹಾಗೇ ತಿನ್ನಬೇಡ. ನಿನ್ನ ಡಬ್ಬಗಳನ್ನು ತೆರೆದು ನೋಡಿದ್ದೇನೆ. ಸಕ್ಕರೆಯಲ್ಲಿ ಇರುವೆ ಇದೆ.

ಮೆಣಸು ನೀನು ಹೋದ ಮೇಲೆ ಮೂರು ಸಲ ಎದ್ದಳು. ಎರಡು ಸಲ ಹಸಿವಿಗೆ, ಒಂದು ಸಲ ಸುಮ್ಮನೆ, ನಾನು ಬರುತ್ತೇನೋ ಇಲ್ಲವೋ ನೋಡಲು. ಅಳುವ ಮೊದಲು ಮೂಗಿನಲ್ಲಿ ಒಂದು ಸಣ್ಣ ಸದ್ದು ಮಾಡುತ್ತಾಳೆ. ನೀನು ಅದನ್ನು ಕೇಳಿದ್ದೀಯೋ ಇಲ್ಲವೋ, ನಾಳೆ ಹೇಳು.

ಬಂದ ದಿನ ನಾನು ಫೇಲಾದದ್ದನ್ನು ನನ್ನ ಮಗನಿಗೆ ಹೇಳಬೇಡ. ಮಲಗುವಾಗ ಮಷೀನು ತೆಗೆದಿಟ್ಟದ್ದು ನನ್ನ ದಡ್ಡತನ. ನೀನು ನನ್ನ ವಾಪಸ್ ಬಸ್ಸಿನ ಹೊತ್ತು ಕೇಳದೆ, "ಇನ್ನೊಂದು ಸಲ ಬರೀರಿ ಅತ್ತೆ" ಎಂದೆಯಲ್ಲ, ಅಂಥ ಮೇಡಂ ನಮ್ಮ ಸ್ಕೂಲಿನಲ್ಲಿ ಇರಲಿಲ್ಲ. ಈಗ ರಾತ್ರಿಯೂ ಕಿವಿಯಲ್ಲೇ ಇಟ್ಟುಕೊಂಡು ಮಲಗುತ್ತೇನೆ. ಒತ್ತುತ್ತದೆ. ಒತ್ತಲಿ.

ಬಾಗಿಲನ್ನು ಮೆಲ್ಲಗೆ ಹಾಕು. ಚಪ್ಪಲಿಯನ್ನು ಹೊರಗೇ ಬಿಟ್ಟು ಬಾ. ನನಗೆ ಎಚ್ಚರವಾಗುತ್ತದೆ.

ಅತ್ತೆ